‘ನಾಳೆ ಬನ್ನಿ’ ಎಂದರೆ ಕಾಯಬೇಕೇ? ಹಳ್ಳಿಯ ಸರ್ಕಾರಿ ಆಸ್ಪತ್ರೆ ಕುರಿತ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಎಂಟು ವರ್ಷದ ಮಗನಿಗೆ ಬೀದಿನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ಇನ್ನಿಬ್ಬರು ಬಂದರೆ ವಯಲ್ (ಲಸಿಕೆಯ ಪುಟ್ಟ ಬಾಟಲಿ) ಒಡೆಯುತ್ತೇವೆ, ನಾಳೆ ಬನ್ನಿ’ ಎಂದರು. ಕಾಯಬಹುದೇ? ಸೀರಂ ಕೂಡ ಬೇಕು ಎನ್ನುತ್ತಾರೆ, ಅದೇನು?

ಕಾಯಬೇಡಿ. ‘ನಾಳೆ ಬನ್ನಿ’ ಎಂಬ ಮಾತಿನ ಹಿಂದೆ ಒಂದು ಲೆಕ್ಕವಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆಯನ್ನು ಚರ್ಮದ ಪದರದೊಳಗೆ ಕೊಡುತ್ತಾರೆ. ಒಂದೊಂದು ತೋಳಿಗೆ 0.1 ಮಿ.ಲೀ.ನಂತೆ ಒಬ್ಬರಿಗೆ ಒಂದು ಸಲಕ್ಕೆ ಬೇಕಾಗುವುದು ಬರೀ 0.2 ಮಿ.ಲೀ. ಒಂದು ವಯಲ್‌ನಲ್ಲಿ ಹಲವರಿಗೆ ಆಗುತ್ತದೆ, ಆದರೆ ಒಡೆದ ವಯಲನ್ನು ಆರರಿಂದ ಎಂಟು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಜನ ಸೇರಲಿ ಎಂದು ನೋಡುತ್ತಾರೆ. ಎರಡನೇ, ಮೂರನೇ ಡೋಸ್‌ಗೆ ಬಂದವರನ್ನು ಒಂದೇ ದಿನಕ್ಕೆ ಸೇರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಆಗಷ್ಟೇ ಕಚ್ಚಿಸಿಕೊಂಡು ಬಂದವರಿಗೆ ಈ ಮಾತು ಹೇಳುವಂತಿಲ್ಲ. ಚೆಲ್ಲುವ ಲಸಿಕೆಗಿಂತ ಮಗು ಮುಖ್ಯ ಎಂದು ವೈದ್ಯಾಧಿಕಾರಿಗೆ ನೇರವಾಗಿ ಹೇಳಿ. ಆಗಲೂ ಕೊಡದಿದ್ದರೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ಇದಕ್ಕೂ ಮೊದಲಿನ ಕೆಲಸ ಮನೆಯಲ್ಲೇ ಆಗಬೇಕು. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಅಂದಾಜಿನ ಹದಿನೈದು ನಿಮಿಷ ಎಂದರೆ ಎರಡೇ ನಿಮಿಷಕ್ಕೆ ಮುಗಿದಿರುತ್ತದೆ. ವೈರಸ್‌ನ ಹೊರಪದರ ಕೊಬ್ಬಿನಿಂದಾದದ್ದು, ಸೋಪು ಅದನ್ನೇ ಒಡೆಯುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಒಂದೇ ಸಮನೆ ನೀರು ಸುರಿಯಿರಿ. ಆಮೇಲೆ ಸುಣ್ಣ, ಖಾರದ ಪುಡಿ, ಕಾಫಿ ಪುಡಿ, ಎಲೆಯ ರಸ ಯಾವುದನ್ನೂ ಮೆತ್ತಬೇಡಿ. ಗಾಯ ಕೆರಳಿದರೆ ವೈರಸ್ಸಿಗೆ ನರದೊಳಗೆ ಹೋಗಲು ದಾರಿ ಇನ್ನೂ ಸಲೀಸು. ಇದೇ ಕಾರಣಕ್ಕೆ ಹೊಲಿಗೆಯನ್ನೂ ಕೂಡಲೇ ಹಾಕಿಸಬಾರದು.

ಈಗ ಸೀರಂ ವಿಷಯ. ಚರ್ಮ ಹರಿದು ರಕ್ತ ಬಂದರೆ ಅದು ಮೂರನೇ ದರ್ಜೆಯ ಗಾಯ. ನಿಮ್ಮ ಮಗನದ್ದು ಇದೇ. ಲಸಿಕೆ ಹಾಕಿದ ಮೇಲೆ ಮೈ ತನ್ನದೇ ಪ್ರತಿಕಾಯ (ವೈರಸ್ಸನ್ನು ತಡೆಯುವ ಅಂಶ) ತಯಾರಿಸಲು ಒಂದು ವಾರದಿಂದ ಎರಡು ವಾರ ಹಿಡಿಯುತ್ತದೆ. ಆ ನಡುವಿನ ದಿನಗಳಿಗೆ ಸಿದ್ಧ ಪ್ರತಿಕಾಯವನ್ನು ಗಾಯದೊಳಗೇ ತುಂಬುವುದು ಸೀರಂ ಕೆಲಸ. ಕುದುರೆಯ ರಕ್ತದಿಂದ ಮಾಡಿದ್ದಾದರೆ ದೇಹತೂಕದ ಪ್ರತಿ ಕಿಲೋಗೆ 40 ಯೂನಿಟ್, ಮನುಷ್ಯರ ರಕ್ತದಿಂದ ಮಾಡಿದ್ದಾದರೆ 20 ಯೂನಿಟ್. 20 ಕಿಲೋ ತೂಗುವ ಹುಡುಗನಿಗೆ ಕುದುರೆ ಸೀರಂ 800 ಯೂನಿಟ್ ಬೇಕು. ಅದಕ್ಕೇ ಚೀಟಿ ಬರೆಯುವ ಮೊದಲು ತೂಕ ನೋಡುವುದು. ಸೀರಂ ಕಚ್ಚಿದ ಜಾಗದ ಒಳಗೂ ಸುತ್ತಲೂ ಹೋಗಬೇಕು. ಗಾಯವನ್ನು ಬಿಟ್ಟು ಸೊಂಟಕ್ಕೆ ಮಾತ್ರ ಚುಚ್ಚಿ ಕಳಿಸಿದರೆ ಅದರ ಉದ್ದೇಶವೇ ಕೆಟ್ಟಂತೆ. ಹಳ್ಳಿಯ ಕೇಂದ್ರದಲ್ಲಿ ಸೀರಂ ಇಲ್ಲದಿರಬಹುದು. ಹಾಗಿದ್ದರೆ ಮೊದಲ ಡೋಸ್ ಲಸಿಕೆಯನ್ನು ಅಲ್ಲೇ ಹಾಕಿಸಿ, ಸೀರಂಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮೊದಲ ಡೋಸ್ ಆಗಿ ಏಳು ದಿನ ಕಳೆದ ಮೇಲೆ ಸೀರಂ ಕೊಡುವುದಿಲ್ಲ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ಉಚಿತ, ಇದಕ್ಕೆ ಎಪಿಎಲ್, ಬಿಪಿಎಲ್ ಎಂಬ ಭೇದವಿಲ್ಲ.

ಡೋಸ್‌ಗಳು 0, 3, 7 ಮತ್ತು 28ನೇ ದಿನ. ಸೊನ್ನೆ ಎಂದರೆ ಮೊದಲ ಸೂಜಿ ಬಿದ್ದ ದಿನ, ಕಚ್ಚಿದ ದಿನವಲ್ಲ. ಈ ಲೆಕ್ಕ ತಪ್ಪುವವರು ಬಹಳ. 28ನೆಯದನ್ನು ಮರೆಯುವವರು ಅದಕ್ಕಿಂತ ಬಹಳ, ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ ನೋಡಿ. ಒಂದು ಡೋಸ್ ತಡವಾದರೆ ಮೊದಲಿನಿಂದ ಶುರು ಮಾಡುವುದು ಬೇಡ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ‘ನಾಯಿಯನ್ನು ಹತ್ತು ದಿನ ನೋಡೋಣ’ ಎನ್ನುವವರ ಮಾತು ಅರ್ಧ ಸರಿ. ನಾಯಿಯ ಮೇಲೆ ಕಣ್ಣಿಡಿ, ಆದರೆ ಲಸಿಕೆ ಶುರು ಮಾಡಿಯೇ ಇಡಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ಔಷಧ ಇಲ್ಲ.

ಪ್ರಶ್ನೆ: ನಮ್ಮದು ಬಿಪಿಎಲ್ ಕಾರ್ಡ್. ಅಪ್ಪನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದ ಮೇಲೆ ‘ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲ, ದುಡ್ಡು ಕಟ್ಟಿ’ ಎಂದರು. 5 ಲಕ್ಷದ ಯೋಜನೆ ಎಂದರೆ ಇದೇನಾ?

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಎಪಿಎಲ್‌ನವರಿಗೆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಆದರೆ ನಮ್ಮ ರಾಜ್ಯದಲ್ಲಿ ಇದಕ್ಕೊಂದು ಮೆಟ್ಟಿಲಿದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆ. ಆ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ಅಲ್ಲಿಂದಲೇ ರೆಫರಲ್, ಆ ಬಳಿಕ ಯೋಜನೆಯಡಿ ನೋಂದಾಯಿತ ಖಾಸಗಿ ಆಸ್ಪತ್ರೆ. ಮೆಟ್ಟಿಲು ಹಾರಿದರೆ ಬಿಲ್ ನಿಮ್ಮ ತಲೆಗೆ. ದಾಖಲಾದ ಮೇಲೆ ಹಿಂದಿನ ತಾರೀಖಿಗೆ ರೆಫರಲ್ ಬರೆಸಿಕೊಳ್ಳುವ ಪ್ರಯತ್ನದಲ್ಲಿ ಎರಡು ದಿನ ಓಡಾಡಿ ಸುಸ್ತಾಗುವವರೇ ಹೆಚ್ಚು.

ಹೃದಯಾಘಾತ, ಅಪಘಾತದಂಥ ತುರ್ತು ಪರಿಸ್ಥಿತಿಗೆ ಈ ನಿಯಮವಿಲ್ಲ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಒಳಗೆ ಹೋಗುತ್ತಿದ್ದಂತೆ ಕ್ಯಾಶ್ ಕೌಂಟರ್ ಬಿಟ್ಟು ಯೋಜನೆಯ ಸಹಾಯಕರಾದ ‘ಆರೋಗ್ಯ ಮಿತ್ರ’ರ ಮೇಜು ಹುಡುಕಿ. ಆಧಾರ್, ರೇಷನ್ ಕಾರ್ಡ್ ಕೊಟ್ಟು, ಈ ಚಿಕಿತ್ಸೆ ಯೋಜನೆಯಲ್ಲಿದೆಯೇ, ತುರ್ತು ಎಂದು ದಾಖಲಾಗುತ್ತದೆಯೇ ಎಂದು ಮುಂಗಡ ಕಟ್ಟುವ ಮುಂಚೆಯೇ ಕೇಳಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು, ಸೊಸೆಯ ಹೆಸರು ಇನ್ನೂ ತವರಿನ ಕಾರ್ಡ್‌ನಲ್ಲಿ: ಅರ್ಜಿ ಸಿಕ್ಕಿಬೀಳುವುದು ಇಂಥ ಕಡೆಗಳಲ್ಲಿ. ಎಲ್ಲರೂ ಆರೋಗ್ಯವಾಗಿರುವಾಗಲೇ ಇದನ್ನು ಸರಿಪಡಿಸಿಕೊಂಡಿರಿ. ಒಂದು ಮಾತು, ಹೊರರೋಗಿಯಾಗಿ ತೋರಿಸಿಕೊಂಡ ಫೀಸು, ಹೊರಗೆ ಕೊಂಡ ಮಾತ್ರೆ ಇದರಲ್ಲಿ ಬರುವುದಿಲ್ಲ. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ತಿಳಿಯಲು 104ಕ್ಕೆ ಕರೆ ಮಾಡಿ.

ಪ್ರಶ್ನೆ: ಮೊದಲ ಬಸುರಿ, ಮೂರು ತಿಂಗಳು. ತವರಿಗೆ ಹೋಗಿ ಹೆರಿಗೆ ಮಾಡಿಸಿಕೊಳ್ಳುತ್ತೇನೆ. ತಾಯಿ ಕಾರ್ಡ್ ಎಲ್ಲಿ ಮಾಡಿಸಲಿ? ಯಾವ ಹಣ ಸಿಗುತ್ತದೆ?

ಈಗ ಇರುವ ಊರಿನಲ್ಲೇ, ಈ ವಾರವೇ ಮಾಡಿಸಿ. ಆಶಾ ಕಾರ್ಯಕರ್ತೆಗೆ ಹೇಳಿದರೆ ಉಪಕೇಂದ್ರದಲ್ಲಿ ನೋಂದಣಿಯಾಗುತ್ತದೆ. ತವರಿಗೆ ಹೋಗುವಾಗ ಅದೇ ಕಾರ್ಡ್ ಒಯ್ಯಿರಿ, ಅಲ್ಲಿ ಹೊಸದು ಮಾಡಿಸಬೇಡಿ. ಎರಡು ಕಾರ್ಡ್ ಆದರೆ ರಕ್ತ ಪರೀಕ್ಷೆಯ ದಾಖಲೆ ಒಂದರಲ್ಲಿ, ಬಿಪಿ ಇನ್ನೊಂದರಲ್ಲಿ ಉಳಿದು, ಹೆರಿಗೆ ಕೊಠಡಿಯಲ್ಲಿರುವವರಿಗೆ ಪೂರ್ತಿ ಚಿತ್ರ ಸಿಗುವುದಿಲ್ಲ.

ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ನೋಂದಣಿಯಾಗಿ, ಬಸುರಿಗೆ ಆರು ತಿಂಗಳು ತುಂಬುವುದರೊಳಗೆ ಒಂದು ತಪಾಸಣೆಯಾದರೆ 3,000. ಮಗುವಿನ ಜನನ ನೋಂದಣಿಯಾಗಿ, ಮೂರೂವರೆ ತಿಂಗಳವರೆಗಿನ ಲಸಿಕೆ ಮುಗಿದರೆ 2,000. ಅರ್ಜಿ ಅಂಗನವಾಡಿಯಲ್ಲಿ. ಎರಡನೆಯದು ಹೆಣ್ಣು ಮಗುವಾದರೆ 6,000. ಸರ್ಕಾರಿ ಕೆಲಸದಲ್ಲಿರುವವರಿಗೆ ಇದು ಅನ್ವಯಿಸದು. ಹಣ ಬರುವುದು ತಾಯಿಯ ಹೆಸರಿನ, ಆಧಾರ್ ಜೋಡಿಸಿದ ಖಾತೆಗೆ. ಗಂಡನ ಪಾಸ್‌ಬುಕ್ ಕೊಟ್ಟರೆ ಅರ್ಜಿ ವಾಪಸ್ ಬರುತ್ತದೆ.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾದರೆ ಔಷಧ, ಪರೀಕ್ಷೆ, ಬೇಕಾದರೆ ರಕ್ತ, ಸಿಸೇರಿಯನ್ ಎಲ್ಲ ಉಚಿತ. ಊಟ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಮನೆಗೆ ಬಿಡುವ ವಾಹನವೂ ಇದೆ, ಬಿಡುಗಡೆಯ ಹಿಂದಿನ ದಿನವೇ ಕೇಳಿ. ಹೆರಿಗೆ ನೋವು ಬಂದಾಗ 108. ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆಂದೇ ವೈದ್ಯರ ತಪಾಸಣೆ ಇರುತ್ತದೆ, ಅದನ್ನು ತಪ್ಪಿಸಬೇಡಿ. ಕಬ್ಬಿಣಾಂಶದ ಮಾತ್ರೆ ಒಂದು ಹೊತ್ತಿಗೆ, ಕ್ಯಾಲ್ಸಿಯಂ ಇನ್ನೊಂದು ಹೊತ್ತಿಗೆ. ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಚಹಾ, ಕಾಫಿ ಜೊತೆಗೂ ಬೇಡ. ಮಲ ಕಪ್ಪಾದರೆ ಗಾಬರಿಯಾಗಿ ಮಾತ್ರೆ ಬಿಡಬೇಡಿ, ಅದು ಹಾಗೇ.

ಪ್ರಶ್ನೆ: ದುಡಿಮೆಗೆ ಊರು ಬಿಟ್ಟಿದ್ದೆವು. ಮಗುವಿಗೆ ಹತ್ತು ತಿಂಗಳು, ಒಂದೂವರೆ ತಿಂಗಳ ಲಸಿಕೆಯ ನಂತರ ಏನೂ ಹಾಕಿಸಿಲ್ಲ. ಮತ್ತೆ ಮೊದಲಿನಿಂದಲೇ?

ಬೇಡ. ಹಾಕಿದ್ದು ಲೆಕ್ಕಕ್ಕೆ ಬರುತ್ತದೆ. ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ) ಎರಡನೇ ಡೋಸ್ ಈಗ, ಮೂರನೆಯದು ನಾಲ್ಕು ವಾರ ಬಿಟ್ಟು. ಒಂಬತ್ತು ತಿಂಗಳು ದಾಟಿದ್ದರಿಂದ ದಡಾರ-ರುಬೆಲ್ಲಾ ಲಸಿಕೆಯನ್ನೂ ಅದೇ ದಿನ ಹಾಕುತ್ತಾರೆ. ಒಂದೇ ದಿನ ಮೂರ್ನಾಲ್ಕು ಸೂಜಿ ಎಂದು ಹೆದರುವುದು ಬೇಡ. ನೆಗಡಿ, ಸಣ್ಣ ಕೆಮ್ಮು ಇದ್ದರೂ ಹಾಕಿಸಬಹುದು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ, ಚುಚ್ಚಿದ ಜಾಗ ತಿಕ್ಕಬೇಡಿ. ಕಾರ್ಡ್ ಕಳೆದಿದ್ದರೆ ಮೊದಲು ಹಾಕಿಸಿದ ಕೇಂದ್ರದ ರಿಜಿಸ್ಟರ್‌ನಲ್ಲಿ ಹೆಸರಿರುತ್ತದೆ.

ಪ್ರಶ್ನೆ: ಅಮ್ಮನ ಬಿಪಿ ಮಾತ್ರೆಗೆ ಪ್ರತಿ ಸಲ 14 ಕಿ.ಮೀ. ಹೋಗಬೇಕು. ಹತ್ತಿರ ಸಿಗದೇ?

ವೈದ್ಯರು ಒಮ್ಮೆ ಮಾತ್ರೆ ನಿಗದಿ ಮಾಡಿದ ಮೇಲೆ, ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದ್ದರೆ, ಅಲ್ಲಿನ ಸಮುದಾಯ ಆರೋಗ್ಯಾಧಿಕಾರಿಯೇ ಬಿಪಿ ನೋಡಿ ತಿಂಗಳ ಮಾತ್ರೆ ಕೊಡಬಹುದು. ಅದನ್ನು ಕೇಂದ್ರದ ವೈದ್ಯರ ಹತ್ತಿರ ಚೀಟಿಯಲ್ಲೇ ಬರೆಸಿಕೊಳ್ಳಿ. ಖಾಲಿ ಸ್ಟ್ರಿಪ್ ಎಸೆಯದೆ ಒಯ್ಯಿರಿ, 5 ಮಿ.ಗ್ರಾಂ.ನದ್ದು ಮುಗಿದು 2.5ರದ್ದು ಬಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ನಡೆದು ಬಂದ ಕೂಡಲೇ ಬಿಪಿ ನೋಡಿಸಬೇಡಿ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಲಿ, ಕೈ ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ. ದಪ್ಪ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತಲು ಬಂದರೆ ತೋಳು ಬಿಡಿಸಿ ಕೊಡಿ.