ದುರ್ಯೋಧನ ಬೆವರಿದ್ದು ಯಾಕೆ? ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ. ನಿಮ್ಮ 'ಮಹಾಮಾನವ ದುರ್ಯೋಧನ' ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಒಮ್ಮೆ ಓದಿ ಪಕ್ಕಕ್ಕಿಟ್ಟೆ, ಕಪಾಟಿನಿಂದ ರನ್ನನ ಗದಾಯುದ್ಧ ಕಾವ್ಯ ಇಳಿಸಿ ಧೂಳು ಕೊಡವಿ ನೀವು ಹೇಳಿದ ಜಾಗಗಳನ್ನೆಲ್ಲ ಹುಡುಕಿ ನೋಡಿದೆ, ಆಮೇಲೆ ನಿಮ್ಮದನ್ನು ಇನ್ನೊಮ್ಮೆ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಬರಹವೂ ಅಲ್ಲ ಇದು. ಅದಕ್ಕೇ ಇಷ್ಟುದ್ದ ಪತ್ರ.

ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೀರಿ, ಅವರಿಗೆ ಪಾತ್ರ ವಿಶ್ಲೇಷಣೆ ಮಾಡುವುದು ಹೇಗೆಂದು ತೋರಿಸಲು ಇದನ್ನು ಬರೆದೆ ಎಂದಿದ್ದೀರಿ. ಒಳ್ಳೆಯ ಉದ್ದೇಶ. ಆದರೆ ನಿಮ್ಮ ಎರಡನೇ ಪುಟದಲ್ಲಿ ಪೆನ್ಸಿಲ್ ಹಿಡಿದು ಎಣಿಸಿದೆ. ಸ್ನೇಹಶೀಲ, ಭ್ರಾತೃವತ್ಸಲ, ಅಭಿಮಾನಧನ, ಅಪ್ರತಿಮ ವೀರ... ಒಟ್ಟು ಹದಿನೇಳು ವಿಶೇಷಣ. ರನ್ನನ ಪದ್ಯ ಎಷ್ಟಿದೆ ಅಂತ ನೋಡಿದರೆ ಇಡೀ ಲೇಖನಕ್ಕೆ ಒಂದೂವರೆ ಸಾಲು! ನಾನು ಡಿಗ್ರಿ ಓದುವಾಗ ನಮ್ಮ ಮೇಷ್ಟ್ರೊಬ್ಬರು ಹೀಗೇ ಬರೆಸುತ್ತಿದ್ದರು. 'ದುರ್ಯೋಧನನ ಗುಣಗಳು, ಒಂದು, ಛಲ, ಎರಡು, ಸ್ನೇಹ...' ನಾವು ತಲೆ ಬಗ್ಗಿಸಿಕೊಂಡು ಬರೆದುಕೊಂಡೆವು, ಬಾಯಿಪಾಠ ಮಾಡಿದೆವು, ಒಳ್ಳೆ ಮಾರ್ಕ್ಸೂ ಬಂತು. ಕಾವ್ಯವನ್ನು ನಾನು ನಿಜವಾಗಿ ಓದಿದ್ದು ಎಷ್ಟೋ ವರ್ಷ ಆದಮೇಲೆ. ನಿಮ್ಮ ಮಕ್ಕಳಿಗೆ ಹಾಗಾಗಬಾರದು ಅಲ್ವಾ?

ಆ ಒಂದೂವರೆ ಸಾಲಿಗೇ ಬರುತ್ತೇನೆ, ಯಾಕೆಂದರೆ ಅಲ್ಲೇ ಎಡವಿದ್ದೀರಿ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕೂತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. 'ನೀರೊಳಗಿರ್ದುಂ ಬೆಮರ್ತನುರಗಪತಾಕಂ.' ನೀವು ಇದನ್ನು ಕೊಟ್ಟು, 'ಇಲ್ಲಿ ನಾಯಕ ಕ್ಷಣಕಾಲ ಭಯಗೊಳ್ಳುತ್ತಾನೆ' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಸ್ವಲ್ಪ ಹಿಂದಕ್ಕೆ ಹೋಗಿ. ಅದೇ ಪದ್ಯದಲ್ಲಿ 'ಕೋಪಾರುಣನೇತ್ರಂ ಕೇಳ್ದು' ಅಂತಿದೆ. ಭೀಮನ ಕೂಗು ಕೇಳಿದಾಗ ಅವನ ಕಣ್ಣು ಕೋಪಕ್ಕೆ ಕೆಂಪಾಗಿತ್ತು. ಹಾಗಾದರೆ ಬೆವರಿದ್ದು ಭಯಕ್ಕೋ ಸಿಟ್ಟಿಗೋ? ಎದ್ದು ಹೋಗಿ ಹೊಡೆಯಬೇಕು ಅಂತ ಮೈ ಕುದಿಯುತ್ತಿದೆ, ಆದರೆ ಒಂದು ದಿನ ನೀರಲ್ಲಿರು ಎಂದು ಭೀಷ್ಮ ಹೇಳಿದ ಮಾತು ಕಟ್ಟಿಹಾಕಿದೆ, ಆ ಇಕ್ಕಟ್ಟಿಗೋ? ಇಡೀ ಸಾಲು ನಿಂತಿರುವುದು 'ಇರ್ದುಂ' ಎನ್ನುವ ಪುಟ್ಟ ಮಾತಿನ ಮೇಲೆ. ನೀರೊಳಗೆ 'ಇದ್ದೂ' ಬೆವರಿದ. ತಣ್ಣೀರಿನಲ್ಲಿ ಮುಳುಗಿ ಕೂತವನು ಬೆವರುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ತರಗತಿಯಲ್ಲಿ ಇದೊಂದೇ ಪದ್ಯ ಬೋರ್ಡಿನ ಮೇಲೆ ಬರೆದು 'ಯಾಕೆ ಬೆವರಿದ?' ಅಂತ ಕೇಳಿ ನೋಡಿ, ನಲವತ್ತು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ. ಅದು ಪಾತ್ರ ವಿಶ್ಲೇಷಣೆ.

ಈಗ ದೊಡ್ಡ ತಕರಾರು. ನಿಮ್ಮ ಏಳು ಪುಟದಲ್ಲಿ ದ್ರೌಪದಿಯ ಹೆಸರೇ ಇಲ್ಲ. ಮರೆತಿರೋ, ಬೇಕಂತಲೇ ಬಿಟ್ಟಿರೋ ಗೊತ್ತಾಗಲಿಲ್ಲ. ಬಿಚ್ಚಿದ ಮುಡಿಯ ದ್ರೌಪದಿ, ಅವಳೆದುರು ಪ್ರತಿಜ್ಞೆ ಮಾಡಿದ ಭೀಮ, ಇವರಿಬ್ಬರನ್ನು ರನ್ನ ಶುರುವಿನಲ್ಲೇ ತಂದು ನಿಲ್ಲಿಸುತ್ತಾನೆ. ಅವನು ಏನನ್ನೂ ಮುಚ್ಚಿಡಲಿಲ್ಲ, ನೀವು ಯಾಕೆ ಮುಚ್ಚಿಡುತ್ತೀರಿ? ನಿಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು 'ಸೀರೆ ಎಳೆಸಿದವನು ಹೀರೋನಾ ಸಾರ್?' ಅಂತ ಕೇಳೇ ಕೇಳುತ್ತಾಳೆ. ಆಗ ನಿಮ್ಮ ಹದಿನೇಳು ವಿಶೇಷಣದಲ್ಲಿ ಒಂದೂ ಕೈಗೆ ಬರುವುದಿಲ್ಲ.

ನಾನಾದರೆ ಆ ಪ್ರಶ್ನೆಯನ್ನು ಹಿಡಿದುಕೊಂಡೇ ದುಶ್ಶಾಸನನ ಹೆಣದ ಹತ್ತಿರ ಹೋಗುತ್ತಿದ್ದೆ. ನೀವು 'ಭ್ರಾತೃವತ್ಸಲ' ಅಂತ ಒಂದೇ ಪದದಲ್ಲಿ ದಾಟಿಬಿಟ್ಟ ಜಾಗ ಅದು. ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾ ಬರುವ ದುರ್ಯೋಧನ ತಮ್ಮನ ಮುಂದೆ ನಿಂತು ಹೇಳುತ್ತಾನೆ: ಅಮ್ಮನ ಮೊಲೆಹಾಲು ಮೊದಲು ನಾನು ಕುಡಿದೆ, ಆಮೇಲೆ ನೀನು. ಒಳ್ಳೊಳ್ಳೆ ಊಟ ಮೊದಲು ನಾನು ಉಂಡೆ, ಆಮೇಲೆ ನೀನು. ಸಾಯುವುದರಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲೋ, ಇದೊಂದರಲ್ಲಿ ಸರದಿ ತಪ್ಪಿತು. ಅಣ್ಣತಮ್ಮಂದಿರ ನಡುವೆ ಬೆಳೆದ ಯಾರಿಗಾದರೂ ಇದು ಗಂಟಲಿಗೆ ಬರುತ್ತದೆ. ಆದರೆ ನಡುವೆ ಇನ್ನೊಂದು ಮಾತಿದೆ, 'ವಿನಯೋಲ್ಲಂಘನಮಾದುದಿಲ್ಲ' ಅಂತ. ಚಿಕ್ಕಂದಿನಿಂದ ಎಲ್ಲೂ ನೀನು ವಿನಯ ಮೀರಿದವನಲ್ಲ ಎಂದು. ಯಾರ ಬಗ್ಗೆ ಈ ಮಾತು? ತುಂಬಿದ ಸಭೆಗೆ ಅತ್ತಿಗೆಯ ಮುಡಿ ಹಿಡಿದು ಎಳೆದು ತಂದವನ ಬಗ್ಗೆ! ಅಣ್ಣ ಹೇಳಿದ, ತಮ್ಮ ಮಾಡಿದ, ಅಣ್ಣನ ಲೆಕ್ಕದಲ್ಲಿ ಅದು ವಿನಯ. ಅವನ ಅಳುವೂ ನಿಜ, ಅವನ ಕುರುಡೂ ನಿಜ, ಎರಡೂ ಒಂದೇ ಪದ್ಯದಲ್ಲಿವೆ. ಇದು ನನ್ನ ಓದು, ನೀವು ಒಪ್ಪಲೇಬೇಕು ಅಂತೇನಿಲ್ಲ. ಒಪ್ಪದಿದ್ದರೆ ಪದ್ಯ ಇಟ್ಟುಕೊಂಡು ಜಗಳ ಆಡಿ.

ಇನ್ನು 'ರನ್ನನ ಪ್ರಕಾರ ನಾಯಕ ದುರ್ಯೋಧನನೇ' ಅಂತ ಷರಾ ಬರೆದಿದ್ದೀರಿ. ಅಷ್ಟು ಸಲೀಸಲ್ಲ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. 949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿದ್ದಾನೆ. ಅಂದಮೇಲೆ ಭೀಮನೇ ಗೆಲ್ಲಬೇಕು, ಗೆಲ್ಲುತ್ತಾನೆ ಕೂಡ. ಆದರೂ ದುರ್ಯೋಧನ ಸಾಯುವಾಗ ಕವಿ ಹೇಳುವುದು 'ಕುರುಕುಳಾರ್ಕನುಮರ್ಕನುಮಸ್ತಮೆಯ್ದಿದರ್' ಎಂದು. ಕುರುಕುಲದ ಸೂರ್ಯನೂ ಆಕಾಶದ ಸೂರ್ಯನೂ ಒಟ್ಟಿಗೆ ಮುಳುಗಿದರು. ಗೆದ್ದವನ ಹೆಸರಿನ ಕಾವ್ಯದಲ್ಲಿ ಸೋತವನಿಗೆ ಇಂಥ ಸಾಲು ಸಿಕ್ಕಿದ್ದು ಹೇಗೆ? ನಿಮ್ಮ ಲೇಖನ ಶುರುವಾಗಬೇಕಿದ್ದದ್ದೇ ಇಲ್ಲಿಂದ. ನೀವು ಉತ್ತರ ಮೊದಲೇ ಇಟ್ಟುಕೊಂಡು ಕೂತಿದ್ದರಿಂದ ಪ್ರಶ್ನೆ ಏಳಲೇ ಇಲ್ಲ.

ಅರಿಸ್ಟಾಟಲ್ ಬಗ್ಗೆ ಒಂದೂವರೆ ಪುಟ ಇದೆಯಲ್ಲ, ಅದನ್ನು ತೆಗೆಯಿರಿ. ದುರಂತ ನಾಯಕ ಅನ್ನುವ ಕಣ್ಣಿನಿಂದ ನೋಡಬಾರದು ಅಂತಲ್ಲ. ಬಿ.ಎಂ.ಶ್ರೀ ಅವರೇ ಹಾಗೆ ನೋಡಿದರು, ಗದಾಯುದ್ಧವನ್ನು ನಾಟಕವಾಗಿ ಕಟ್ಟಿದರು, ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಏಜಾಕ್ಸನನ್ನು ಅಶ್ವತ್ಥಾಮನನ್ನಾಗಿ ಮಾಡಿದವರೂ ಅವರೇ. ಆದರೆ ಅವರು ಎರಡೂ ಕಡೆ ಮನೆ ಮಾಡಿಕೊಂಡಿದ್ದರು. ನೀವು ಮಾಡಿರುವುದು ಅಳತೆ ಮೊದಲೇ ತೆಗೆದುಕೊಂಡು ಬಂದು ಅಂಗಿ ಹೊಲಿದ ಹಾಗಿದೆ, ದುರ್ಯೋಧನನ ಭುಜಕ್ಕೆ ಕೂರುತ್ತಿಲ್ಲ. 'ಇವನ ದೋಷ ಅಹಂಕಾರ' ಅಂತ ಬರೆದ ಕೂಡಲೇ ಮಕ್ಕಳು ಅದನ್ನು ಕೆಂಪು ಇಂಕಿನಲ್ಲಿ ಅಂಡರ್‌ಲೈನ್ ಮಾಡಿಕೊಂಡು ಪುಸ್ತಕ ಮುಚ್ಚುತ್ತಾರೆ. ಅದರ ಬದಲು ಅಭಿಮನ್ಯುವಿನ ಪ್ರಸಂಗಕ್ಕೆ ಜಾಗ ಕೊಡಿ. ವೈರಿಯ ಮಗ, ತನ್ನ ಕಡೆಯವರೇ ಸುತ್ತುಗಟ್ಟಿ ಕೊಂದ ಹುಡುಗ. ಅವನ ಹೆಣದ ಮುಂದೆ ನಿಂತು, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನಮಗೂ ಬರಲಿ ಎಂದು ಬೇಡಿಕೊಳ್ಳುತ್ತಾನಲ್ಲ, ಆ ಹೊತ್ತಿನಲ್ಲಿ ಅವನು ಯಾವ ಪಟ್ಟಿಗೂ ಸೇರುವುದಿಲ್ಲ.

ಒಂದು ತಪ್ಪು ತಿದ್ದಿಕೊಳ್ಳಿ. 'ಚಲದೊಳ್ ದುರ್ಯೋಧನಂ' ರನ್ನನದಲ್ಲ, ಪಂಪನದು, 941ರ ಸುಮಾರಿನ ವಿಕ್ರಮಾರ್ಜುನ ವಿಜಯದ್ದು. ಇಂಥ ತಪ್ಪು ಅಚ್ಚಾಗಿ ಹೋದರೆ ಮರುದಿನ ಬೆಳಿಗ್ಗೆಯಿಂದ ನನಗೆ ಫೋನು ಶುರು. ಆದರೆ ಆ ಪದ್ಯವನ್ನು ಬಿಸಾಡಬೇಡಿ. ಛಲಕ್ಕೆ ದುರ್ಯೋಧನ, ನನ್ನಿಗೆ (ಅಂದರೆ ಸತ್ಯಕ್ಕೆ) ಕರ್ಣ, ಗಂಡುತನಕ್ಕೆ ಭೀಮ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚುತ್ತಾ ಹೋಗುತ್ತಾನೆ ಪಂಪ, ಪಕ್ಕಾ ನಿಮ್ಮ ನೋಟ್ಸಿನ ಹಾಗೆ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆದ ಕವಿ ಈ ಪಟ್ಟಿಯಲ್ಲಿ ಅರ್ಜುನನಿಗೂ ಒಂದೇ ಸೀಟು ಕೊಟ್ಟಿದ್ದಾನೆ ನೋಡಿ! ಆದರೆ ಪಂಪ ಪಟ್ಟಿ ಮಾಡಿದ್ದು ಇಡೀ ಭಾರತದ ಕಥೆ ಹೇಳಿದ ಮೇಲೆ. ನೀವು ಹೇಳುವ ಮೊದಲೇ ಮಾಡಿದ್ದೀರಿ.

'ಹಳಗನ್ನಡ ಹಾಕಿದರೆ ಮಕ್ಕಳು ಓದುವುದಿಲ್ಲ' ಎಂದು ಪತ್ರದಲ್ಲಿ ಬರೆದಿದ್ದೀರಿ. ಇಡೀ ಪದ್ಯ ಹಾಕಿದರೆ ಹೆದರುತ್ತಾರೆ, ಒಪ್ಪಿದೆ. ಒಂದು ಸಾಲು ಹಾಕಿ, ಸಂಧಿ ಬಿಡಿಸಿ. ಬೆಮರ್ ಅಂದರೆ ಬೆವರು ಅಂತ ಹೇಳಿದ ತಕ್ಷಣ ಅರ್ಧ ತರಗತಿಗೆ ಸಾಲು ಬಿಚ್ಚಿಕೊಳ್ಳುತ್ತದೆ. ಉರಗಪತಾಕ ಅಂದರೆ ಹಾವಿನ ಬಾವುಟದವನು, ಅಷ್ಟೇ. ಜೋರಾಗಿ ಓದಿಸಿ. ಸಾಧ್ಯವಾದರೆ ಗಮಕಿಗಳೊಬ್ಬರನ್ನು ಒಂದು ಪೀರಿಯಡ್ ಕರೆಸಿ.

ನಿಮ್ಮ ಬರಹದಲ್ಲಿ ನನಗೆ ಇಷ್ಟವಾದದ್ದೂ ಇದೆ. ಐದನೇ ಪುಟದಲ್ಲಿ, ಕರ್ಣನ ಹೆಣದ ಮುಂದೆ ದುರ್ಯೋಧನ 'ನಿನ್ನ ಹುಟ್ಟು ನನಗೆ ಗೊತ್ತಿತ್ತು' ಎಂದು ಹೇಳುವುದನ್ನು ಓದಿದ ದಿನ ನಿಮಗೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀರಿ. ಗೊತ್ತಿದ್ದೂ ಬಾಯಿಬಿಡದೆ ಯುದ್ಧಕ್ಕೆ ಕಳಿಸಿದ್ದು ಸ್ನೇಹವೋ ಸ್ವಾರ್ಥವೋ ಎಂದು ಕೇಳಿ, ಉತ್ತರ ಕೊಡದೆ ಬಿಟ್ಟಿದ್ದೀರಿ. ಆ ಪ್ಯಾರಾದಲ್ಲಿ ಒಂದೇ ಒಂದು ವಿಶೇಷಣ ಇಲ್ಲ, ಗಮನಿಸಿದಿರಾ? ಉಳಿದದ್ದನ್ನೆಲ್ಲ ಬಿಟ್ಟು ಅಲ್ಲಿಂದ ಶುರು ಮಾಡಿ. ಏಳು ಪುಟ ಬೇಡ, ನಾಲ್ಕು ಸಾಕು. ದ್ರೌಪದಿ ಇರಲೇಬೇಕು. ಪದ್ಯ ಟೈಪ್ ಮಾಡುವಾಗ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ, ಮೊಬೈಲಿನಲ್ಲಿ ಯಾರೋ ಕಳಿಸಿದ್ದನ್ನು ನಕಲು ಮಾಡಬೇಡಿ. ಕಡತ ಯೂನಿಕೋಡಿನಲ್ಲಿರಲಿ, ಹೋದ ಸಲದ್ದು ತೆರೆದಾಗ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. ತಿಂಗಳ ಕೊನೆಯೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ.