ಬಾತುಕೋಳಿ ಬಾಲ ನೋಡಿ ನಂಬಬೇಡಿ, ಚಾಸಿ ನಂಬರ್ ಓದಿ

ನಮಸ್ಕಾರ ಸರ್. ಜರ್ಮನಿಯಲ್ಲಿರೋ ನಿಮ್ಮ ಅಣ್ಣ ನೋಡಿಟ್ಟ 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಅಸಲಿಯೋ ಅಲ್ವೋ ಅಂತ ಕೇಳಿದ್ದೀರಿ. ನೀವು ಕಳಿಸಿದ ಫೋಟೋದಲ್ಲಿ ಕಾಣೋದು ಹಿಂದಿನ ಬಾತುಕೋಳಿ ಬಾಲ (ಹಿಂದಿರೋ ಇಂಜಿನ್ ಮುಚ್ಚಳದ ಮೇಲೆ ಎದ್ದು ನಿಂತ ಸ್ಪಾಯ್ಲರ್), ಪಕ್ಕದ ‘ಕರೆರಾ’ ಪಟ್ಟಿ ಅಷ್ಟೇ. ಅವೆರಡನ್ನೂ ಯಾರು ಬೇಕಾದರೂ ಹಾಕಿಸಬಹುದು. ಬೆಣ್ಣೆ ಸವರಿದ ದೋಸೆಯೆಲ್ಲ ದಾವಣಗೆರೆ ಬೆಣ್ಣೆದೋಸೆ ಆಗಲ್ಲವಲ್ಲ!

ಮುಂದಿನ ಡಿಕ್ಕಿ ಎತ್ತಿಸಿ, ಚಾಸಿ ನಂಬರ್ ಓದಿಸಿ. 911360 ಅಂತ ಶುರುವಾಗಬೇಕು. 91131 ಇದ್ದರೆ ಅದು ಸಾದಾ 911ಟಿ, ಆಮೇಲೆ ವೇಷ ಹಾಕಿಸಿದ್ದು. ಅಂಕಿಗಳ ಸುತ್ತ ವೆಲ್ಡಿಂಗ್, ಗ್ರೈಂಡರ್ ಗೆರೆ ಕಂಡರೆ ಅಲ್ಲಿಂದಲೇ ವಾಪಸ್ ಬರಲಿ. ಆಮೇಲೆ ಇಂಜಿನ್: ಫ್ಯಾನಿನ ಬಲಕ್ಕೆ ಕ್ರ್ಯಾಂಕ್‌ಕೇಸ್ (ಇಂಜಿನ್ನಿನ ಲೋಹದ ಕವಚ) ಮೇಲೆ 911/83 ಅಂತ ಒತ್ತಿರಬೇಕು. 2,687 ಸಿಸಿ, 210 ಅಶ್ವಶಕ್ತಿ. ಇಂಜಿನ್ ಬದಲಾಗಿದ್ದರೂ ಗಾಡಿ ಅಸಲಿಯೇ, ಬೆಲೆ ಮಾತ್ರ ಇಳಿಯುತ್ತೆ.

ಚಕ್ರ ಮುಂದೆ 6 ಇಂಚು, ಹಿಂದೆ 7 ಇಂಚು ಅಗಲ. ಹಿಂದಿನ ಮಡ್‌ಗಾರ್ಡ್ ಉಬ್ಬು ಕಬ್ಬಿಣದ್ದು. ಅಯಸ್ಕಾಂತ ಹಿಡಿಯದಿದ್ದರೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತ ಲೆಕ್ಕ.

ತಯಾರಾಗಿದ್ದು ಒಟ್ಟು 1,580. ಅದರಲ್ಲಿ 1,308 ಟೂರಿಂಗ್ ಅನ್ನೋ ಆರಾಮದ ಮಾದರಿ, ಹಗುರದ ಮಾದರಿ ಬರೀ 200. ಹಗುರದ್ದು ಅಂತ ಮಾರುವವನು ಹೇಳಿದರೆ ಬಾಗಿಲ ಒಳಗೆ ನೋಡಿ: ಹ್ಯಾಂಡಲ್ ಬದಲು ಪಟ್ಟಿ ಎಳೆಯೋದು, ಹಿಂದೆ ಸೀಟೇ ಇಲ್ಲ. ಆದರೆ ಇವನ್ನೂ ಬಿಚ್ಚಿ ಹಾಕೋದು ಒಂದು ದಿನದ ಕೆಲಸ. ಅದಕ್ಕೇ ಮುಂಗಡ ಕೊಡೋಕೆ ಮೊದಲು ಆ ಚಾಸಿ ನಂಬರಿನ ಕಾರ್ಖಾನೆ ದಾಖಲೆ ಪೋರ್ಷೆಯಿಂದಲೇ ತರಿಸಿಕೊಳ್ಳಲಿ.