ನಮ್ಮೂರ ಯಕ್ಷಗಾನ ತರಗತಿಗೂ ಕೆರೆದಂಡೆಯಲ್ಲಿ ಗಿಡ ನೆಡುವ ಕೆಲಸಕ್ಕೂ ಕುಟುಂಬ ಪ್ರತಿಷ್ಠಾನವೊಂದರಿಂದ (ಒಂದು ಕುಟುಂಬ ತನ್ನ ಹಣದಿಂದ ನಡೆಸುವ ದತ್ತಿ ಸಂಸ್ಥೆಯಿಂದ) ಅನುದಾನ ಪಡೆಯುವುದು ಹೇಗೆ?

ಮೊದಲು ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಸದಸ್ಯರು ಬೇಕು. ಆಮೇಲೆ ಸಂಘದ ಹೆಸರಿನಲ್ಲೇ ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯಾಗಿ ನೋಂದಣಿ. ಭಾಗವತರ ಸ್ವಂತ ಖಾತೆಗೆ ಹಣ ಕೇಳಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕೆರೆ ಯಾರದ್ದೆಂದು ತಿಳಿದುಕೊಳ್ಳಿ. ಅಚ್ಚುಕಟ್ಟು (ಕೆರೆಯ ನೀರುಣ್ಣುವ ಜಮೀನು) 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಪಂಚಾಯಿತಿ, ಅದಕ್ಕೂ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಅವರ ಒಪ್ಪಿಗೆ ಪತ್ರವನ್ನು ಅರ್ಜಿಗೆ ಲಗತ್ತಿಸಿ. ಏರಿಯ ಮೇಲೆ ಮಾತ್ರ ಮರ ಬೇಡ. ಬೇರು ಇಳಿದು ಏರಿ ಸೋರುತ್ತದೆ.

ಹೆಚ್ಚಿನವರು ಎಡವುವುದು ಬಜೆಟ್ಟಿನಲ್ಲಿ. "ತರಬೇತಿಗೆ 50,000" ಎಂದು ಒಟ್ಟಾಗಿ ಬರೆಯಬೇಡಿ. 20 ಶನಿವಾರ, ಗುರುಗಳಿಗೆ ದಿನಕ್ಕೆ 1,500, ಒಟ್ಟು 30,000. ಮದ್ದಳೆ ದುರಸ್ತಿ, ಮಕ್ಕಳ ತಿಂಡಿ ಬೇರೆ ಬೇರೆ ಸಾಲು. ಗಿಡದ ಬೆಲೆ ಬರೆದು ಎರಡು ಬೇಸಿಗೆಯ ನೀರು, ಬೇಲಿ ಮರೆತರೆ ಗಿಡ ಒಣಗುತ್ತದೆ, ಅನುದಾನದ ಎರಡನೇ ಕಂತೂ ಸಿಗುವುದಿಲ್ಲ.

ಯೋಜನೆಯಿಂದ ಊರಿನವರ "ಯೋಗಕ್ಷೇಮ" ಹೆಚ್ಚಿತೆಂದು ವಿಶೇಷಣಗಳಲ್ಲಿ ವರ್ಣಿಸುವ ಬದಲು ಹಾಜರಿ ಪುಸ್ತಕ ಇಡಿ: ಎಷ್ಟು ಮಕ್ಕಳು, ಎಷ್ಟು ಹಿರಿಯರು ಕೊನೆಯವರೆಗೂ ಬಂದರು. ಅದೇ ನಂಬಲರ್ಹ.

ಪ್ರತಿಷ್ಠಾನ ವಿದೇಶದ್ದಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ದುಬೈಯಲ್ಲಿರುವ ಊರಿನವರು ಭಾರತೀಯ ಪೌರರಾಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟ್ ಪ್ರತಿ ಪಡೆದಿಟ್ಟುಕೊಳ್ಳಿ.